ಹಿಂದಿನ ಸೀಟಿನ ಭಾರ

ನಮ್ಮ ಮನೆಯಲ್ಲಿ ನನಗೆ ವಹಿಸಿದ್ದ ಕೆಲಸ ಭಾರವಾಗಿರುವುದು. ತಮಾಷೆಗೆ ಹೇಳುತ್ತಿಲ್ಲ. ಅಪ್ಪ ಹಳೆಯ ಕಾರುಗಳ ಪೆಟ್ರೋಲ್ ಎಂಜಿನ್ ಇಳಿಸಿ ಆ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಹಾಗೆ ಕೂರಿಸಿದ ಮೇಲೆ ಒಂದು ದಿನ ಮನೆಯವರೆಲ್ಲ ಆ ಕಾರಿಗೆ ಹತ್ತಿ ಕೂರಬೇಕಿತ್ತು. ಮುಂದೆ ಅಜ್ಜಿ, ಹಿಂದೆ ಅಮ್ಮ ಮತ್ತು ನಾನು, ಡಿಕ್ಕಿಯಲ್ಲಿ ಅರ್ಧ ಮೂಟೆ ಕುಚ್ಚಲಕ್ಕಿ. ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಶಶಿ ಮಾತ್ರ ಹತ್ತುತ್ತಿರಲಿಲ್ಲ. ಅವಳು ಅಪ್ಪನ ಜೊತೆ ಕಾರಿನ ಅಡಿಯಲ್ಲಿ ಮಲಗುತ್ತಿದ್ದಳು. ಮೇಲೆ ನಾನು ಬೆವರು ಸುರಿಸುತ್ತ ತೂಗುತ್ತಿದ್ದೆ, ಕೆಳಗಿನಿಂದ ಅವರಿಬ್ಬರ ಗುಸುಗುಸು ಕೇಳಿಬರುತ್ತಿತ್ತು. ಹೊಟ್ಟೆಕಿಚ್ಚು ಎಂಬುದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ನೆಂಟರ ಮನೆಯಲ್ಲಲ್ಲ, ಬೇರೆಯವರ ಕಾರುಗಳ ಹಿಂದಿನ ಸೀಟಿನಲ್ಲಿ. ಆ ವಯಸ್ಸಿನಲ್ಲಿ ನನಗೆ ಬೇಕಾಗಿದ್ದದ್ದು ಒಂದೇ, ಆ ಅಡಿಯಲ್ಲಿ ಅಪ್ಪನ ಪಕ್ಕ ಒಂದು ಜಾಗ.

ಮಂಗಲ್ಪಾಡಿಯಲ್ಲಿ ರಸ್ತೆಗೆ ತಾಗಿಕೊಂಡಂತಿದ್ದ ಮುರಕಲ್ಲಿನ ಮನೆ ನಮ್ಮದು. ಮನೆ ಯಾವುದು, ಗ್ಯಾರೇಜು ಯಾವುದು ಎಂದು ಬಂದವರಿಗೆ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯುತ್ತಿರಲಿಲ್ಲ. ಅಂಗಳದ ಮಾವಿನ ಮರದ ದಪ್ಪ ಕೊಂಬೆಗೆ ಎಂಜಿನ್ ಎತ್ತುವ ಸರಪಳಿ ತೂಗಾಡುತ್ತಿತ್ತು. ಚಾವಡಿಯಲ್ಲಿ ಗೋಣಿಯ ಮೇಲೆ ಸದಾ ಒಂದಲ್ಲ ಒಂದು ಗೇರ್‌ಬಾಕ್ಸ್ ಮಲಗಿರುತ್ತಿತ್ತು. ನೆಂಟರು ಬಂದರೆ ಅದರ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದೆವು. ಬಚ್ಚಲಿನಲ್ಲಿ ಸಾಬೂನಿನ ಜೊತೆ ಸೀಮೆಎಣ್ಣೆಯ ಡಬ್ಬಿ ಮತ್ತು ಮರದ ಹುಡಿ, ಅಪ್ಪನ ಕೈ ತೊಳೆಯಲಿಕ್ಕೆ. ಎಷ್ಟು ತೊಳೆದರೂ ಅವರು ಕಲಸಿದ ಅನ್ನಕ್ಕೆ ಡೀಸೆಲಿನ ವಾಸನೆ ಇದ್ದೇ ಇರುತ್ತಿತ್ತು. ಮನೆಯೊಳಗೆ ತುಳು, ಅಂಗಳದಲ್ಲಿ ಬಂದವರು ಆಡುವ ಭಾಷೆ. ಇಲ್ಲಿ ಎಲ್ಲವನ್ನೂ ನಮ್ಮೂರಿನ ಕನ್ನಡಕ್ಕೆ ತಂದಿದ್ದೇನೆ. ಜಗಳಗಳೂ ಹೆಚ್ಚಿನವು ಕಬ್ಬಿಣದ ಸುತ್ತಲೇ.

"ನನ್ನ ದೋಸೆಹಿಟ್ಟಿನ ಪಾತ್ರೆಯಲ್ಲಿ ಬೋಲ್ಟ್ ನೆನೆಹಾಕಿದ್ದು ಯಾರು?"

"ತೊಳೆದೇ ಹಾಕಿದ್ದು ಮಾರಾಯ್ತಿ."

"ಪಾತ್ರೆಯನ್ನಾ, ಬೋಲ್ಟನ್ನಾ?"

ಅಮ್ಮ ಹೀಗೆ ಕೇಳಿದಾಗ ಅಪ್ಪ ಶಶಿಯನ್ನು ಕರೆದುಕೊಂಡು ಅಂಗಳಕ್ಕೆ ನಡೆದುಬಿಡುತ್ತಿದ್ದರು. ಪಾತ್ರೆ ತಿಕ್ಕುವುದು ನನ್ನ ಪಾಲಿಗೆ.

ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿ ಅಳೆಯುವ ಕ್ರಮ ಅಪ್ಪನದೇ. ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ಒಯ್ಯಲು ಕಾರಿನ ಅಡಿಯಲ್ಲಿ ಒಂದು ಉದ್ದದ ಉಕ್ಕಿನ ಶಾಫ್ಟ್ ಇರುತ್ತದೆ. ಅದರ ಎರಡೂ ತುದಿಗಳಲ್ಲಿ ಮಡಚಿಕೊಳ್ಳುವ ಕೀಲುಗಳು. ಬೇರೆ ಕಾರಿನ ಎಂಜಿನ್ ತಂದು ಕೂರಿಸಿದಾಗ ಈ ಶಾಫ್ಟಿನ ಓರೆ ತಪ್ಪುತ್ತದೆ. ಅದನ್ನು ಸರಿಮಾಡಲು ಅಪ್ಪ ಹಿಂದಿನ ಸ್ಪ್ರಿಂಗ್ ಪಟ್ಟಿಗಳಿಗೂ ಚಕ್ರಗಳ ನಡುವಿನ ಹೌಸಿಂಗ್ ಎಂಬ ಗಡಿಗೆಯಂಥ ಭಾಗಕ್ಕೂ ನಡುವೆ ಕಬ್ಬಿಣದ ಆಪು, ಅಂದರೆ ಬೆಣೆ, ಇಡುತ್ತಿದ್ದರು. ಆಪು ಎಷ್ಟು ದಪ್ಪವಿರಬೇಕು ಎಂಬುದೇ ಪ್ರಶ್ನೆ. ಈ ವಿದ್ಯೆಯನ್ನು ಅವರು ಒಮ್ಮೆಯೂ ನನಗೆ ಹೇಳಲಿಲ್ಲ. ಶಶಿಗೆ ಹೇಳುತ್ತಿದ್ದುದು ಸೀಟಿನ ಕೆಳಗಿನಿಂದ ನನ್ನ ಕಿವಿಗೂ ಬೀಳುತ್ತಿತ್ತು.

"ನೋಡು ಮಗಾ, ಎಂಜಿನ್ ಮುಂದೆ ಜಾಸ್ತಿ ಹೋದ್ರೆ ಫ್ಯಾನು ರೇಡಿಯೇಟರನ್ನು ತಿಂತದೆ. ಹಿಂದೆ ಬಂದ್ರೆ ಒಳಗಿನ ತಗಡಿಗೆ ತಾಗ್ತದೆ. ಅದು ಯಾರಿಗೂ ಗೊತ್ತಾಗ್ತದೆ. ಗೊತ್ತಾಗದ್ದು ಬಾಲ. ಗೇರ್‌ಬಾಕ್ಸಿನ ಬಾಲ ಎಷ್ಟು ಕೆಳಗೆ ನೋಡ್ತದೋ, ಹೌಸಿಂಗಿನ ಮೂತಿ ಅಷ್ಟೇ ಮೇಲೆ ನೋಡ್ಬೇಕು. ಇಲ್ಲದಿದ್ರೆ ಸ್ಪೀಡಿಗೆ ಹೋಗುವಾಗ ಶಾಫ್ಟ್ ಜಗಳಕ್ಕೆ ನಿಲ್ತದೆ."

"ಮತ್ತೆ ಅಕ್ಕ ಯಾಕೆ ಕೂರ್ಬೇಕು?"

"ಖಾಲಿ ಕಾರು ಅಳೆದ್ರೆ ಖಾಲಿ ಕಾರಿಗೆ ಮಾತ್ರ ಸರಿ. ಜನ ಕೂತ್ರೆ ಹಿಂದೆ ತಗ್ಗುತ್ತದೆ, ಓರೆ ಬದಲಾಗ್ತದೆ. ಜನ ಹೋಗ್ಲಿಕ್ಕೆ ಅಲ್ವಾ ಕಾರು ಇರುವುದು? ಮೇಲೆ ಇದ್ದವರು ಅಲುಗಾಡ್ಬಾರ್ದು, ಅಷ್ಟೆ."

ಓರೆ ಅಳೆಯುವ ಸಾಧನ ನನ್ನದು. ಈ ಮಾತನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ನನ್ನ ಕಂಪಾಸು ಪೆಟ್ಟಿಗೆಯಲ್ಲಿದ್ದ ಕೋನಮಾಪಕವನ್ನು ಅಪ್ಪ ಒಂದು ದಿನ ಕೇಳದೆ ತೆಗೆದರು. ಅದಕ್ಕೆ ಎರಡು ತೂತು ಕೊರೆದು ನೇರವಾದ ಮರದ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿದರು. ನಡುವಿನಿಂದ ಒಂದು ನೂಲು ಇಳಿಬಿಟ್ಟು ಅದರ ತುದಿಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಕಟ್ಟಿದರು. ಮರದ ಪಟ್ಟಿಯನ್ನು ಕಬ್ಬಿಣಕ್ಕೆ ಒತ್ತಿ ಹಿಡಿದರೆ ನೂಲು ಯಾವ ಗೆರೆಯ ಮೇಲೆ ನಿಲ್ಲುತ್ತದೋ ಅದೇ ಓರೆ. ಗಣಿತದ ಪರೀಕ್ಷೆಯಲ್ಲಿ ನಾನು ಪಕ್ಕದ ಹುಡುಗಿಯ ಹತ್ತಿರ ಕೋನಮಾಪಕ ಬೇಡಿ ಮೇಷ್ಟ್ರಿಂದ ಬೈಸಿಕೊಂಡೆ. ನನ್ನದು ಶಶಿಯ ಕೈಯಲ್ಲಿತ್ತು. ಅಪ್ಪನಿಗೆ ಆಗಲೇ ಹತ್ತಿರದ ಗೆರೆಗಳು ಮಸುಕಾಗುತ್ತಿದ್ದವು. ಶಶಿಯ ಕಣ್ಣೋ, ಹತ್ತು ವರ್ಷದ ಹದ್ದಿನ ಕಣ್ಣು. ಎರಡು ಗೆರೆಗಳ ನಡುವೆ ನೂಲು ಯಾವುದಕ್ಕೆ ಹತ್ತಿರ ಎಂಬುದನ್ನೂ ಹೇಳುತ್ತಿದ್ದಳು.

ನನಗೂ ಒಮ್ಮೆ ಅವಕಾಶ ಸಿಕ್ಕಿತ್ತು. ನಾನು ಹಟ ಹಿಡಿದು ಅತ್ತದ್ದಕ್ಕೆ ಅಪ್ಪ ಒಪ್ಪಿದ್ದರು. ಕಾರಿನ ನಾಲ್ಕು ಚಕ್ರಗಳೂ ಒಂದೊಂದು ಮುರಕಲ್ಲಿನ ಮೇಲೆ ನಿಂತಿದ್ದವು. ನಾನು ಬೆನ್ನ ಮೇಲೆ ಮಲಗಿ ಅಡಿಗೆ ನುಸುಳಿದೆ, ಎದೆಯವರೆಗೆ ಹೋದೆ, ಅಲ್ಲಿಂದ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಪ್ಪ ನನ್ನ ಎರಡೂ ಪಾದ ಹಿಡಿದು ಎಳೆದರು. ಲಂಗ ಹರಿಯಿತು. ಅಜ್ಜಿ ನಕ್ಕಳು, ಅಮ್ಮ ನಗು ತಡೆದಳು, ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೀನು ಮೇಲೆಯೇ ಚಂದ ಮಗಾ. ನಿನ್ನಷ್ಟು ಒಳ್ಳೆ ಲೋಡ್ ನನಗೆ ಎಲ್ಲಿ ಸಿಗ್ತದೆ?"

ಅವರು ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ನನಗೆ ಇನ್ನೂ ಉರಿಯಿತು.

ಕೂರುವ ದಿನಕ್ಕೆ ಮನೆಯಲ್ಲಿ ಹಬ್ಬದ ಕಳೆ. ಹೊಟ್ಟೆ ತುಂಬಿದ ಮೇಲೆಯೇ ಕೂರಬೇಕು, ತೂಕ ಸರಿ ಬರಬೇಕು ಎಂಬುದು ಅಪ್ಪನ ಕಟ್ಟಳೆ. ಹಾಗಾಗಿ ಆ ದಿನ ಮಧ್ಯಾಹ್ನಕ್ಕೆ ಕೋಳಿಸಾರು, ರೊಟ್ಟಿ. ಅಜ್ಜಿ ಮೊದಲು ಎಂಜಿನ್ನಿಗೆ ಊದುಬತ್ತಿ ಹಚ್ಚಿ, ದೈವಗಳನ್ನು ಕರೆದು, ಯಾರದೋ ಕಾರು, ನಮ್ಮ ಮಾನ, ನೀವೇ ನೋಡಿಕೊಳ್ಳಬೇಕು ಎಂದು ಜೋರಾಗಿ ಒಪ್ಪಿಸುತ್ತಿದ್ದಳು. ಊಟವಾದ ಮೇಲೆ ಎಲೆಯಡಿಕೆಯ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತು ಎರಡೇ ನಿಮಿಷಕ್ಕೆ ಗೊರಕೆ. ಅಮ್ಮ ಎಣ್ಣೆಯ ಕುಡಿಕೆ ಮತ್ತು ಬಾಚಣಿಗೆ ತರುತ್ತಿದ್ದಳು. ಅಷ್ಟು ಹೊತ್ತು ಸುಮ್ಮನೆ ಕೂರುವುದು ಅವಳ ಜೀವನದಲ್ಲಿ ಅದೊಂದೇ ಸಂದರ್ಭ. ನನ್ನ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಹೆಣೆಯುತ್ತಿದ್ದಳು. ಶಶಿಗೆ ಜಡೆ ಇರಲಿಲ್ಲ. ಒಮ್ಮೆ ಕಾರಿನ ಅಡಿಯಲ್ಲಿ ಅವಳ ಕೂದಲು ಗ್ರೀಸಿಗೆ ಮೆತ್ತಿ ನಟ್ಟಿಗೆ ಸುತ್ತಿಕೊಂಡದ್ದಕ್ಕೆ ಅಪ್ಪ ಕತ್ತರಿಯಿಂದ ಕುತ್ತಿಗೆಯವರೆಗೆ ಕತ್ತರಿಸಿಬಿಟ್ಟಿದ್ದರು. ಅಮ್ಮ ನನ್ನ ತಲೆ ಬಾಚುತ್ತ ಊರಿನವರ ಸುದ್ದಿ ಹೇಳುತ್ತಿದ್ದಳು, ಅವಳು ಬಾಯಿಗೆ ಸೆರಗು ಒತ್ತಿ, ನಾನು ಕೈ ಒತ್ತಿ ನಗುತ್ತಿದ್ದೆವು. ಆದರೆ ನನ್ನ ಕಿವಿ ಕೆಳಗೇ ಇರುತ್ತಿತ್ತು.

ಬೇಕೂರಿನ ಐತಪ್ಪಣ್ಣನ ಕಾರು ಬಂದದ್ದು ನನಗೆ ಹದಿಮೂರು ನಡೆಯುತ್ತಿದ್ದಾಗ. ಅವರು ಗಲ್ಫಿನಿಂದ ಊರಿಗೆ ಮರಳಿದವರು. ಸೋದರಮಾವನ ಕಾಲದ ಕರಿಯ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಹಾಕಿಸಿ ತಾಯಿಯನ್ನು ಊರೂರು ತಿರುಗಿಸಬೇಕೆಂಬುದು ಅವರ ಆಸೆ. ಆ ಕಾರಿನ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಮೊದಲೇ ಸೋತಿದ್ದವು, ಒಬ್ಬರು ಹತ್ತಿದರೂ ಇಳಿದರೂ ಕಾರು ಗೊತ್ತು ಮಾಡಿಕೊಡುತ್ತಿತ್ತು. ಕೂರುವ ದಿನ ಎಂದಿನಂತೆ ಕೋಳಿಸಾರು. ಕೋಳಿಯ ಪಿತ್ತಜನಕಾಂಗವನ್ನು ಅಪ್ಪ ತಮ್ಮ ಬಟ್ಟಲಿನಿಂದ ತೆಗೆದು ಯಾವಾಗಲೂ ನನ್ನ ಬಟ್ಟಲಿಗೆ ಹಾಕುತ್ತಿದ್ದರು. ಹಿರಿಮಗಳಿಗೆಂದು ಮನೆಯಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ. ಆ ದಿನ ಅವರ ಕೈ ನನ್ನ ಬಟ್ಟಲಿನ ಮೇಲಿನಿಂದ ದಾಟಿ ಶಶಿಯ ಬಟ್ಟಲಿಗೆ ಹೋಯಿತು.

"ಅಪ್ಪ, ಅದು ನಂದು," ಎಂದೆ.

"ಇವತ್ತು ಅವಳು ತಿನ್ಲಿ. ಕಣ್ಣಿಗೆ ಒಳ್ಳೇದಂತೆ. ಗೆರೆ ಓದುವುದು ಅವಳಲ್ವಾ?"

ಶಶಿ ನನ್ನ ಮುಖ ನೋಡುತ್ತಲೇ ಅದನ್ನು ಬಾಯಿಗೆ ಹಾಕಿಕೊಂಡಳು. ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ರೊಟ್ಟಿ ಜಾಸ್ತಿಯೇ ತಿಂದೆ, ಸಿಟ್ಟಿನಲ್ಲಿ.

ಆಮೇಲೆ ಎಲ್ಲರೂ ಹತ್ತಿದೆವು. ಅಪ್ಪ ಮತ್ತು ಶಶಿ ಅಡಿಗೆ ಹೋಗಿ ಗೇರ್‌ಬಾಕ್ಸಿನ ಬಾಲದ ಓರೆ ಓದಿದರು. ಅಪ್ಪ ಹೊರಗೆ ಬಂದು ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಚಾವಡಿಯ ಗೋಡೆಗೆ ಬರೆದರು. ಮತ್ತೆ ಮುಂದೆ ಹೋಗಿ ಎತ್ತಿ ನಿಲ್ಲಿಸಿದ್ದ ಬಾನೆಟ್ಟಿನ ಆಚೆ ಎಂಜಿನ್ನಿನೊಳಗೆ ತಲೆ ತೂರಿದರು. ಇನ್ನು ಹೌಸಿಂಗಿನ ಮೂತಿಯ ಓರೆ ಓದಲಿಕ್ಕಿತ್ತು. ಶಶಿ ಅಡಿಯಲ್ಲೇ ಹಿಂದಕ್ಕೆ ತೆವಳುತ್ತಿರುವುದು ನನಗೆ ಕೇಳಿಸಿತು. ಅಮ್ಮ ಜಡೆಯ ತುದಿಗೆ ರಿಬ್ಬನ್ ಕಟ್ಟಿ ಮುಗಿಸಿದ್ದಳು.

"ಅಮ್ಮ, ಕಾಲು ಜೋಮು ಹಿಡಿದಿದೆ. ಒಂಚೂರು ಇಳಿತೇನೆ."

"ಬೇಗ ಹತ್ತು. ಅಪ್ಪ ನೋಡಿದ್ರೆ ಬೈತಾರೆ."

ಕಾಲಿಗೆ ಜೋಮು ಹಿಡಿದಿರಲಿಲ್ಲ. ಮೇಲಿದ್ದವರು ಅಲುಗಾಡಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ವರ್ಷಗಟ್ಟಲೆ ಅದನ್ನೇ ಕೇಳುತ್ತ ಕೂತವಳು ನಾನು. ಮೆಲ್ಲನೆ ಬಾಗಿಲು ತೆರೆದೆ. ಒಂದು ಕಾಲು ಇಳಿಸಿದೆ, ಇನ್ನೊಂದನ್ನೂ ಇಳಿಸಿದೆ, ನೆಲದ ಮೇಲೆ ನಿಂತೆ. ಕಾರು ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಅಡಿಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಶಶಿ ಸ್ಪಷ್ಟವಾಗಿ ಒಂದು ಸಂಖ್ಯೆ ಕೂಗಿದಳು. ಅಪ್ಪ ತಲೆ ಹೊರಗೆ ತೆಗೆಯುವಷ್ಟರಲ್ಲಿ ನಾನು ಸೀಟಿನ ಮೇಲಿದ್ದೆ. ಅವರು ಆ ಸಂಖ್ಯೆಯನ್ನೂ ಗೋಡೆಗೆ ಬರೆದರು, ಆ ಲೆಕ್ಕಕ್ಕೆ ತಕ್ಕ ಆಪು ಉಜ್ಜಿ ಕೂರಿಸಿದರು. ಆ ಸಂಜೆ ನಾನು ಶಶಿಯ ಜೊತೆ ಬಹಳ ಪ್ರೀತಿಯಿಂದ ಕವಡೆ ಆಡಿದೆ.

ಐದನೆಯ ದಿನ ಐತಪ್ಪಣ್ಣ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು.

"ಮೇಸ್ತ್ರಿಯವರೇ, ಎಂತ ಕೂರಿಸಿದ್ದು ಇದು? ನಾನೊಬ್ಬನೇ ಹೋದ್ರೆ ಎಂತದೂ ಇಲ್ಲ. ಮನೆಯವರನ್ನು ಕೂರಿಸಿ ಸ್ವಲ್ಪ ಸ್ಪೀಡ್ ಮಾಡಿದ್ರೆ ಅಡಿಯಿಂದ ನಡುಕ ಶುರು. ಅಮ್ಮನ ಬಾಯಿಯ ಎಲೆಯಡಿಕೆ ನನ್ನ ಅಂಗಿಯ ಮೇಲೆ ಉಂಟು ನೋಡಿ!"

ಅಪ್ಪ ನಗಲಿಲ್ಲ. ಅವರು ಕೂರಿಸಿದ ಕಾರು ಅದುವರೆಗೆ ನಡುಗಿರಲಿಲ್ಲ. ಐತಪ್ಪಣ್ಣನನ್ನೂ ಅವರ ಜೊತೆ ಬಂದಿದ್ದ ಇಬ್ಬರನ್ನೂ ಕೂರಿಸಿ, ಭೂತಗನ್ನಡಿ ಹಿಡಿದು ತಾವೇ ಅಡಿಗೆ ಹೋಗಿ ಓದಿದರು. ಹೊರಗೆ ಬಂದು ಗೋಡೆಯ ಮುಂದೆ ನಿಂತರು. ಮೊದಲಿನ ಸಂಖ್ಯೆ ಸರಿಯಿತ್ತು, ಎರಡನೆಯದು ಆಪಿನ ಲೆಕ್ಕ ಕಳೆದರೂ ಒಂದು ಗೆರೆ ತಪ್ಪಿತ್ತು.

"ಇದು ನೀನು ಓದಿದ್ದಲ್ವಾ ಶಶಿ?"

"ಹೌದಪ್ಪ."

"ಸರಿ ಕಂಡಿತ್ತಾ?"

"ಕಂಡಿತ್ತು."

"ಮತ್ತೆ ಇದೆಂತ?"

ಶಶಿ ನನ್ನ ಮುಖ ನೋಡಲಿಲ್ಲ, ತಲೆ ತಗ್ಗಿಸಿ ನನ್ನ ಕಾಲಿನ ಕಡೆ ನೋಡುತ್ತ ನಿಂತಳು. ನಾಚಿಕೆಗೆ ತಲೆ ತಗ್ಗಿಸಿದ್ದಾಳೆ ಎಂದುಕೊಂಡೆ. ಅಮ್ಮನಿಗೆ ನಾನು ಇಳಿದದ್ದು ಮರೆತೇಹೋಗಿತ್ತೋ, ನೆನಪಿದ್ದೂ ಸುಮ್ಮನಿದ್ದಳೋ ತಿಳಿಯದು. ಹೇಳಬೇಕಾದವಳು ನಾನು. ಹೇಳಲಿಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆಪು ಬದಲಿಸಿ ಕಾರು ಕಳಿಸಿಕೊಟ್ಟ ಮೇಲೆ ಮೆಟ್ಟಿಲ ಮೇಲೆ ಕೂತು ಮರದ ಪಟ್ಟಿಯಿಂದ ಎರಡೂ ಸ್ಕ್ರೂ ಬಿಚ್ಚಿದರು. ಕೋನಮಾಪಕವನ್ನು ಪಂಚೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು.

"ತಗೊ, ನಿಂದು. ಪುಟ್ಟ ಮಗುವಿನ ಕಣ್ಣನ್ನು ನಂಬಿದ್ದು ನನ್ನದೇ ತಪ್ಪು."

ಮುಂದಿನ ವಾರ ಅವರು ಮಂಗಳೂರಿಗೆ ಹೋಗಿ ದೊಡ್ಡ ಅಕ್ಷರಗಳ ಒಂದು ಅಳತೆಯ ಸಾಧನ ತಂದರು. ಜೊತೆಗೆ ಹತ್ತು ಗೋಣಿಚೀಲಗಳಿಗೆ ಮರಳು ತುಂಬಿ ಬಾಯಿ ಹೊಲಿದರು. ಅಲ್ಲಿಂದ ಮುಂದೆ ಕಾರುಗಳಲ್ಲಿ ಕೂತದ್ದು ಆ ಚೀಲಗಳು. ಅವು ಅಲುಗಾಡುವುದಿಲ್ಲ, ಅವುಗಳಿಗೆ ಕೋಳಿಸಾರು ಬೇಕಾಗಿಲ್ಲ. ಅಜ್ಜಿ ಕೆಲವು ಸಲ ಎಲೆಯಡಿಕೆಯ ಚೀಲ ಹಿಡಿದು ಬಾಗಿಲ ತನಕ ಬಂದು, ನಮ್ಮನ್ನು ಕರೆಯುವುದಿಲ್ಲವಾ ಎಂದು ಕೇಳಿ ಒಳಗೆ ಹೋದಳು. ಶಶಿಯ ಜಾಗ ಹೋಯಿತು, ಅದು ನನಗೆ ಸಿಗಲೂ ಇಲ್ಲ. ಅವಳು ಕೂದಲು ಬೆಳೆಸಿದಳು. ಒಂದು ವರ್ಷದಲ್ಲಿ ಅದು ನನ್ನದಕ್ಕಿಂತ ದಪ್ಪವಾಗಿ ಬೆಳೆಯಿತು, ಅಮ್ಮ ಸಂಜೆ ಹೊತ್ತು ಅವಳನ್ನು ಮುಂದೆ ಕೂರಿಸಿಕೊಂಡು ಬಾಚತೊಡಗಿದಳು. ನಾನು ತೂತು ಬಿದ್ದ ಕೋನಮಾಪಕ ಹಿಡಿದು ಗಣಿತದ ಲೆಕ್ಕ ಮಾಡುತ್ತ ಅದನ್ನು ನೋಡುತ್ತಿದ್ದೆ.

ನಾನು ಟೀಚರಾದೆ, ಎಣ್ಮಕಜೆಯ ಕಡೆಯ ಶಾಲೆಗಳಲ್ಲಿ ಬಹಳ ವರ್ಷ ಕನ್ನಡ ಕಲಿಸಿದೆ. ಶಶಿ ಐಟಿಐಗೆ ಹೋದಳು. ಅಪ್ಪನ ಕಣ್ಣು ಪೂರ್ತಿ ಮಂಜಾದಾಗ ತಾನೇ ಬಂದು ಕೆಲಸಕ್ಕೆ ನಿಂತಳು, ಅವರು ಹೋದ ಮೇಲೆ ನಾಯ್ಮಾರ್ಮೂಲೆಯಲ್ಲಿ ದೊಡ್ಡ ಗ್ಯಾರೇಜು ಹಾಕಿದಳು. ಈಗ ಹಳೆಯ ಕಾರುಗಳನ್ನು ಸಾಕುವುದು ಒಂದು ಷೋಕಿ. ಅಜ್ಜಂದಿರ ಕಾಲದ ಕಾರಿಗೆ ಹೊಸ ಎಂಜಿನ್ ಬೇಕೆಂದು ಕಣ್ಣೂರಿನಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಪಂಚಾಯತ್ ಕಚೇರಿಯಲ್ಲಿ ನನ್ನನ್ನು ಜನ ಒಂದೇ ಮಾತು ಕೇಳುವುದು, ನೀವು ಶಶಿ ಮೇಸ್ತ್ರಿಯ ಅಕ್ಕ ಅಲ್ವಾ ಎಂದು. ಹೌದು ಎನ್ನುತ್ತೇನೆ. ಒಳಗೆ ಆ ಹಳೆಯ ಉರಿ ಈಗಲೂ ಒಮ್ಮೆ ಎದ್ದು ಕೂರುತ್ತದೆ.

ನನ್ನ ನೆನಪಿನ ಪುಸ್ತಕದ ಈ ಅಧ್ಯಾಯ ಬರೆಯುವ ಮೊದಲು ಅವಳಿಗೆ ಹೇಳಿಬಿಡಬೇಕು ಅನಿಸಿತು. ಒಂದು ಭಾನುವಾರ ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ಅವಳೊಬ್ಬಳೇ ಇದ್ದಳು. ನಡುವೆ ಒಂದು ಬಿಳಿಯ ಹಳೆಯ ಕಾರು, ಚಕ್ರಗಳ ಕೆಳಗೆ ಮರದ ದಿಮ್ಮಿಗಳು, ಗೋಡೆಯ ಬದಿಯಲ್ಲಿ ಮರಳಿನ ಚೀಲಗಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತ ಕೇಳಿದಳು.

"ನನಗೆ ಗೊತ್ತುಂಟು ಅಕ್ಕ."

"ಹೇಗೆ?"

"ನಿನ್ನ ಕಾಲು ಕಂಡಿತ್ತು. ಗೆಜ್ಜೆ ಹಾಕಿದ ಎರಡು ಕಾಲು. ಕಾರಿನ ಅಡಿಯಲ್ಲಿ ಮಲಗಿದವರಿಗೆ ಬೇರೆ ಎಂತ ಕಾಣ್ತದೆ?"

ನಾನು ಮರಳಿನ ಚೀಲದ ಮೇಲೆ ಕೂತುಬಿಟ್ಟೆ.

"ಮತ್ತೆ ಯಾಕೆ ಓದಿದ್ದು? ಕಾರಿಗೆ ಹತ್ತು ಅಂತ ನನ್ನನ್ನು ಕೂಗ್ಬಹುದಿತ್ತಲ್ಲ."

"ನೂಲು ಸರಿದದ್ದೂ ಕಂಡಿತು. ಬೇಕೆಂತಲೇ ಓದಿದೆ. ಕಾರು ನಡುಗ್ತದೆ, ಅಪ್ಪ ಕೇಳ್ತಾರೆ, ಆಗ ನಿನ್ನ ಬಾಯಿಯಿಂದಲೇ ಬರ್ತದೆ, ನಿನಗೆ ಸರೀ ಬೀಳ್ತದೆ ಅಂತ ಎಣಿಸಿದ್ದು. ನೀನು ಬಾಯಿ ಬಿಡ್ಲೇ ಇಲ್ಲ. ಗೊತ್ತಿದ್ದೂ ತಪ್ಪು ಓದಿದೆ ಅಂತ ನಾನು ಅಪ್ಪನ ಹತ್ರ ಹೇಗೆ ಹೇಳುವುದು?"

"ನಿನಗೆಂತಕ್ಕೆ ಅಷ್ಟು ಸಿಟ್ಟು? ಅಪ್ಪನ ಪಕ್ಕ ಇದ್ದದ್ದು ನೀನು."

ಶಶಿ ಕೈ ಒರೆಸಿದ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಹಾಕಿದಳು.

"ಮೇಲೆ ನೀವಿಬ್ಬರೂ ನಗ್ತಿದ್ರಿ. ಅಮ್ಮ ನಿನ್ನ ಜಡೆ ಹೆಣೀತಿದ್ದದ್ದು. ನಾನು ಧೂಳಲ್ಲಿ ಮಲಗಿ ಬಾಚಣಿಗೆಯ ಸದ್ದು ಕೇಳ್ತಿದ್ದೆ. ಅಪ್ಪ ಎಂಜಿನ್ ಬಗ್ಗೆ ಬಿಟ್ಟು ಬೇರೆ ಎಂತ ಮಾತಾಡ್ತಿದ್ರು ಹೇಳು?"

ನನಗೆ ಅಳು ಬಂತು. ಅದರ ಜೊತೆಗೆ, ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಸಣ್ಣ ಸಿಟ್ಟೂ ಬಂತು. ಇಷ್ಟು ವರ್ಷ ಆ ಹೊಟ್ಟೆಕಿಚ್ಚಾದರೂ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅದರಲ್ಲೂ ಅವಳಿಗೆ ಪಾಲಿತ್ತು.

ನಾನು ಕಣ್ಣೊರೆಸಿಕೊಂಡು ಎದ್ದು, ಅಭ್ಯಾಸಬಲದಿಂದ ಬಿಳಿ ಕಾರಿನ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಶಶಿ ನನ್ನ ಕೈ ತೆಗೆದಳು.

"ಇವತ್ತು ಚೀಲ ಬೇಡ, ನೀನೂ ಬೇಡ. ನಾನು ಕೂರ್ತೇನೆ. ಅಡಿಗೆ ಹೋಗು, ಓದು."

"ನನ್ನ ಈ ಹೊಟ್ಟೆ ಹಿಡಿತದಾ?"

"ಅದಕ್ಕೇ ದಿಮ್ಮಿ ಎತ್ತರ ಮಾಡಿಸಿದ್ದು. ನನ್ನದೂ ಈಗ ಸಣ್ಣ ಹೊಟ್ಟೆಯಲ್ಲ."

ಗಾಲಿ ಇರುವ ಹಲಗೆಯ ಮೇಲೆ ಮಲಗಿ ಅಡಿಗೆ ಹೋದೆ. ಐವತ್ತು ದಾಟಿದ ಮೇಲೆ, ಜೀವನದಲ್ಲೇ ಮೊದಲ ಸಲ ಪೂರ್ತಿಯಾಗಿ. ಡೀಸೆಲ್, ಮಣ್ಣು, ಹಳೆಯ ಕಬ್ಬಿಣ, ಅಪ್ಪನ ಅನ್ನದ ವಾಸನೆ. ಎಡಗಡೆ ಇನ್ನೊಬ್ಬರು ಮಲಗುವಷ್ಟು ಜಾಗ ಖಾಲಿ ಇತ್ತು. ಶಶಿ ಕೊಟ್ಟ ಸಾಧನ ಬೆಂಕಿಪೊಟ್ಟಣದಷ್ಟು ದೊಡ್ಡದು, ಕಬ್ಬಿಣಕ್ಕೆ ತಾನೇ ಅಂಟಿಕೊಂಡು ಸಂಖ್ಯೆ ತೋರಿಸುತ್ತದೆ. ಗೇರ್‌ಬಾಕ್ಸಿನ ಬಾಲ ಓದಿ ಕೂಗಿದೆ. ಮೇಲಿನಿಂದ ಸರಿ ಎಂದಳು. ಹಿಂದಕ್ಕೆ ಸರಿದು ಹೌಸಿಂಗಿನ ಮೂತಿಗೆ ಅಂಟಿಸಿದೆ. ಸಂಖ್ಯೆ ನಿಂತಿತು. ಕೂಗಬೇಕೆನ್ನುವಷ್ಟರಲ್ಲಿ ಸ್ಪ್ರಿಂಗ್ ಕಿರ್ರೆಂದಿತು. ಚಕ್ರದ ಪಕ್ಕದಲ್ಲಿ ಒಡೆದ ಹಿಮ್ಮಡಿಯ ಒಂದು ಕಾಲು ಸಿಮೆಂಟಿನ ಮೇಲೆ ಇಳಿಯಿತು. ಅದರ ಹಿಂದೆ ಇನ್ನೊಂದು. ಸಂಖ್ಯೆ ಸರಿಯಿತು.

ಒಂದು ಕ್ಷಣ ಆ ತಪ್ಪು ಸಂಖ್ಯೆಯನ್ನೇ ಕೂಗಿಬಿಡೋಣ ಅನಿಸಿತು. ಕಣ್ಣೂರಿನ ತನಕ ಇರುವ ಅವಳ ಹೆಸರು ಒಂದೇ ಒಂದು ಸಲ ನಡುಗಲಿ ಅನಿಸಿತು. ಆ ಎರಡು ಕಾಲುಗಳು ಅಲುಗದೆ ಕಾಯುತ್ತಿದ್ದವು.

"ಶಶೀ," ಎಂದೆ, "ಕಾಲು ಮೇಲೆ ತಗೊ."